ಎಡಿನ್‌ಬರ್ಗ್‌ನಿಂದ ಕೋಲ್ಕತ್ತಕ್ಕೆ: ಸ್ಟ್ರೈಕರ್ ಜೇಸನ್ ಕಮಿಂಗ್ಸ್ ಹಾದಿ, ಅದರ ಹಿಂದಿನ ನಿಯಮಗಳು

ಬೆಂಗಳೂರು ಎಫ್‌ಸಿ ಅಭಿಮಾನಿಗಳು ಜೇಸನ್ ಕಮಿಂಗ್ಸ್ ಹೆಸರನ್ನು ಅಷ್ಟು ಬೇಗ ಮರೆಯಲಾರರು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನಡೆಯಿತು. 49ನೇ ನಿಮಿಷದಲ್ಲಿ ಮೋಹನ್ ಬಾಗನ್‌ನ ಡಿಫೆಂಡರ್ ಆಲ್ಬರ್ಟೊ ರೊಡ್ರಿಗಸ್ ಚೆಂಡನ್ನು ತಮ್ಮದೇ ಗೋಲುಪೆಟ್ಟಿಗೆಗೆ ಸೇರಿಸಿಕೊಂಡಿದ್ದರಿಂದ ಬಿಎಫ್‌ಸಿಗೆ ಮುನ್ನಡೆ ಸಿಕ್ಕಿತ್ತು. ಆಮೇಲೆ ಚಿಂಗ್ಲೆನ್‌ಸನಾ ಸಿಂಗ್ ಕೈಗೆ ಚೆಂಡು ತಗುಲಿ ಪೆನಾಲ್ಟಿ ಆಯಿತು. 72ನೇ ನಿಮಿಷದಲ್ಲಿ ಕಮಿಂಗ್ಸ್ ಅದನ್ನು ಗೋಲಾಗಿಸಿ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮೆಕ್‌ಲಾರೆನ್ ಹೊಡೆದ ಗೋಲಿನಿಂದ 2–1ಕ್ಕೆ ಪಂದ್ಯವೂ ಕಪ್ಪೂ ಮೋಹನ್ ಬಾಗನ್ ಪಾಲಾದವು.

ಮರುದಿನದ ವರದಿಗಳಲ್ಲಿ ಕಮಿಂಗ್ಸ್ 'ಆಸ್ಟ್ರೇಲಿಯಾದ ಸ್ಟ್ರೈಕರ್'. ಹುಟ್ಟಿದ್ದು ಮಾತ್ರ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ, 1995ರ ಆಗಸ್ಟ್ 1ರಂದು. ಸ್ಕಾಟ್ಲೆಂಡ್ ಹಿರಿಯರ ತಂಡದಲ್ಲಿ ಆಡಿದ್ದಾರೆ. ವಿಶ್ವಕಪ್ ಆಡಿದ್ದು ಆಸ್ಟ್ರೇಲಿಯಾ ಪರ. 30 ತುಂಬುವುದರೊಳಗೆ ಒಂಬತ್ತು ಕ್ಲಬ್‌ಗಳ ಅಂಗಿ ತೊಟ್ಟಿದ್ದಾರೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಗೋಜಲೆನಿಸುವುದು ಸಹಜ. ಒಬ್ಬ ಆಟಗಾರ ಹೀಗೆ ಊರೂರು ತಿರುಗುವುದು ಹೇಗೆ, ಎರಡು ದೇಶಗಳಿಗೆ ಆಡುವುದಕ್ಕೆ ಬಿಡುವವರು ಯಾರು, 'ಲೋನ್' ಅಂದರೆ ಏನು? ಕಮಿಂಗ್ಸ್ ವೃತ್ತಿಬದುಕನ್ನು ಮೊದಲಿಂದ ಹಿಡಿದು ಹೋದರೆ ಫುಟ್‌ಬಾಲ್‌ನ ಮುಖ್ಯ ನಿಯಮಗಳು ಒಂದೊಂದಾಗಿ ಎದುರಾಗುತ್ತವೆ.

## ಸ್ಟ್ರೈಕರ್ ಕೆಲಸ ಏನು?

ಎದುರಾಳಿಯ ಗೋಲುಪೆಟ್ಟಿಗೆಗೆ ಎಲ್ಲರಿಗಿಂತ ಹತ್ತಿರ ಆಡುವವರು ಸ್ಟ್ರೈಕರ್. ಅವರಲ್ಲೂ ಬಗೆಗಳಿವೆ. ಎತ್ತರದ ಆಳು ಬೆನ್ನು ತಿರುಗಿಸಿ ನಿಂತು ಉದ್ದನೆಯ ಪಾಸನ್ನು ಎದೆಯಲ್ಲೋ ತಲೆಯಲ್ಲೋ ತಡೆದು ಜೊತೆಗಾರರಿಗೆ ಒಪ್ಪಿಸುವುದು ಒಂದು ಬಗೆ. ಮಿಡ್‌ಫೀಲ್ಡ್‌ವರೆಗೆ ಹಿಂದೆ ಬಂದು ಆಟ ಕಟ್ಟುವುದು ಇನ್ನೊಂದು. ಮೂರನೆಯವರು ಪೆನಾಲ್ಟಿ ಆವರಣದಲ್ಲೇ ಬೀಡುಬಿಟ್ಟು ಒಂದೋ ಎರಡೋ ಸ್ಪರ್ಶದಲ್ಲಿ ಗೋಲು ಮುಗಿಸುವವರು. ಎಡಗಾಲಿನ ಆಟಗಾರ ಕಮಿಂಗ್ಸ್ ಮುಖ್ಯವಾಗಿ ಈ ಮೂರನೇ ಬಗೆಯವರು. ಇದರ ಮೇಲೆ ಫ್ರೀಕಿಕ್, ಪೆನಾಲ್ಟಿಗಳ ಹೊಣೆಯನ್ನೂ ಹೊರುತ್ತಾರೆ.

ಪೆನಾಲ್ಟಿ ಆವರಣ ಗೋಲುಗೆರೆಯಿಂದ 16.5 ಮೀಟರ್ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರೊಳಗೆ ಡಿಫೆಂಡರ್‌ಗಳು ಕಿಕ್ಕಿರಿದಿರುತ್ತಾರೆ, ಯೋಚಿಸಲು ಪುರುಸೊತ್ತಿಲ್ಲ. ಸಾಲದ್ದಕ್ಕೆ ಆಫ್‌ಸೈಡ್ ನಿಯಮ ಬೇರೆ. ಜೊತೆಗಾರ ಪಾಸ್ ಹೊಡೆಯುವ ಕ್ಷಣದಲ್ಲಿ ಸ್ಟ್ರೈಕರ್ ಎದುರಾಳಿ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೇ ಆಟಗಾರನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದು, ಆಟದಲ್ಲಿ ತೊಡಗಿಕೊಂಡರೆ ಅದು ತಪ್ಪು. ಆ ಕೊನೆಯ ಇಬ್ಬರಲ್ಲಿ ಒಬ್ಬರು ಸಾಮಾನ್ಯವಾಗಿ ಗೋಲ್‌ಕೀಪರ್. ಲೆಕ್ಕಕ್ಕೆ ಬರುವುದು ಚೆಂಡು ತಲುಪಿದ ಗಳಿಗೆಯಲ್ಲ, ಪಾಸ್ ಹೊರಟ ಗಳಿಗೆ. ಹಾಗಾಗಿ ಈ ಬಗೆಯ ಸ್ಟ್ರೈಕರ್ ಡಿಫೆಂಡರ್ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ ನಿಲ್ಲುತ್ತಾನೆ. ಪಾಸ್ ಹೊರಟ ಮೇಲೆ ಓಟ ಕೀಳುತ್ತಾನೆ.

ಇದರಲ್ಲಿ ಒಂದು ತೊಡಕಿದೆ. ಚೆಂಡು ಆವರಣಕ್ಕೆ ಬಾರದಿದ್ದರೆ ಇಂಥವರಿಗೆ ಕೆಲಸವೇ ಇಲ್ಲ. ಹೊಸ ಕೋಚ್ ಬಂದು, ಒಬ್ಬನೇ ಸ್ಟ್ರೈಕರ್ ಸಾಕು, ಅವನು ಚೆಂಡು ಹಿಡಿದಿಟ್ಟುಕೊಳ್ಳುವ ದೈತ್ಯನಾಗಿರಲಿ ಎಂದರೆ ಇವರು ಬೆಂಚಿಗೆ ಸರಿಯುತ್ತಾರೆ. ಗೋಲು ಹೊಡೆಯುವ ಕಾಲು ಹಾಗೇ ಇದ್ದರೂ ಅವಕಾಶ ಇರುವುದಿಲ್ಲ.

## ಹಿಬ್ಸ್: ಹಿಂಬಡ್ತಿಯಲ್ಲಿ ಶುರುವಾದ ಆಟ

ಎಡಿನ್‌ಬರ್ಗ್‌ನಲ್ಲಿ ದೊಡ್ಡ ಕ್ಲಬ್‌ಗಳು ಎರಡು, ಹಾರ್ಟ್ಸ್ ಮತ್ತು ಹಿಬರ್ನಿಯನ್. ಎರಡನೆಯದನ್ನು ಊರವರು ಕರೆಯುವುದು ಹಿಬ್ಸ್ ಎಂದೇ. ಕಮಿಂಗ್ಸ್ ಹಿರಿಯರ ಫುಟ್‌ಬಾಲ್‌ಗೆ ಕಾಲಿಟ್ಟಿದ್ದು 2013–14ರಲ್ಲಿ, ಹಿಬ್ಸ್ ಮೂಲಕ.

ಸ್ಕಾಟ್ಲೆಂಡ್‌ನ ವೃತ್ತಿಪರ ಲೀಗ್‌ನಲ್ಲಿ ನಾಲ್ಕು ದರ್ಜೆಗಳಿವೆ. ಮೇಲಿನ ಪ್ರೀಮಿಯರ್‌ಷಿಪ್‌ನಲ್ಲಿ 12 ತಂಡ, ಕೆಳಗಿನ ಚಾಂಪಿಯನ್‌ಷಿಪ್, ಲೀಗ್ ಒನ್, ಲೀಗ್ ಟೂಗಳಲ್ಲಿ ತಲಾ 10. ಪ್ರೀಮಿಯರ್‌ಷಿಪ್‌ನಲ್ಲಿ 12ನೇ ಸ್ಥಾನದಲ್ಲಿ ಮುಗಿಸಿದ ತಂಡ ನೇರವಾಗಿ ಕೆಳಗಿಳಿಯುತ್ತದೆ. 11ನೇ ತಂಡ ಚಾಂಪಿಯನ್‌ಷಿಪ್‌ನಿಂದ ಬಂದ ತಂಡದ ಎದುರು ಮನೆಯಂಗಳದಲ್ಲೊಂದು, ಹೊರಗೊಂದು ಪ್ಲೇ ಆಫ್ ಆಡಿ ಉಳಿದುಕೊಳ್ಳಬೇಕು. 2024–25ರವರೆಗೆ ಐಎಸ್‌ಎಲ್‌ನಿಂದ ಹಿಂಬಡ್ತಿಯ ಏಟು ತಿಂದವರಿರಲಿಲ್ಲವಾದ ಕಾರಣ, ಕೆಳಗಿಳಿಯುವುದು ಎಷ್ಟು ದುಬಾರಿ ಎಂಬುದು ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಟಿವಿ ಹಣ, ಪ್ರಾಯೋಜಕತ್ವ ಎರಡೂ ಇಳಿಯುತ್ತವೆ. ಮುಖ್ಯ ಆಟಗಾರರನ್ನು ಮಾರಿ ಖರ್ಚು ಸರಿದೂಗಿಸಬೇಕಾಗುತ್ತದೆ.

2014ರಲ್ಲಿ ಹಿಬ್ಸ್ 11ನೇ ಸ್ಥಾನದಲ್ಲಿತ್ತು. ಪ್ಲೇ ಆಫ್‌ನ ಎದುರಾಳಿ ಹ್ಯಾಮಿಲ್ಟನ್. ಮೊದಲ ಪಂದ್ಯವನ್ನು ಹ್ಯಾಮಿಲ್ಟನ್ ಅಂಗಳದಲ್ಲಿ ಹಿಬ್ಸ್ 2–0ಯಿಂದ ಗೆದ್ದಿತು. ಎರಡೂ ಗೋಲು 18 ವರ್ಷದ ಕಮಿಂಗ್ಸ್ ಅವರದು. ನಾಲ್ಕು ದಿನದ ಬಳಿಕ ತಮ್ಮ ಈಸ್ಟರ್ ರೋಡ್ ಅಂಗಳದಲ್ಲಿ ಅದೇ ಅಂತರದಲ್ಲಿ ಸೋತರು. ಪೆನಾಲ್ಟಿ ಶೂಟೌಟ್‌ನಲ್ಲಿ ಹ್ಯಾಮಿಲ್ಟನ್ 4–3ರಿಂದ ಗೆದ್ದಿತು. ಗೋಲಾಗದೆ ಹೋದ ಹೊಡೆತಗಳಲ್ಲಿ ಕಮಿಂಗ್ಸ್ ಅವರದೂ ಒಂದು. ಹಿಬ್ಸ್ ಎರಡನೇ ದರ್ಜೆಗೆ ಇಳಿಯಿತು.

ಕ್ಲಬ್‌ಗೆ ಅದು ಆಘಾತ, ಹುಡುಗನಿಗೆ ಬಾಗಿಲು. ಮೇಲಿನ ದರ್ಜೆಯಲ್ಲೇ ಉಳಿದಿದ್ದರೆ 19ರ ಹುಡುಗನಿಗೆ ವಾರವಾರವೂ ಮೊದಲ ಹನ್ನೊಂದರಲ್ಲಿ ಜಾಗ ಸಿಗುತ್ತಿತ್ತೆಂದು ಹೇಳಲಾಗದು. ಚಾಂಪಿಯನ್‌ಷಿಪ್‌ನಲ್ಲಿ ಸಿಕ್ಕಿತು. 2014ರಿಂದ 2017ರವರೆಗಿನ ಮೂರೂ ಋತುಗಳಲ್ಲಿ ಲೀಗ್ ಒಂದರಲ್ಲೇ ವರ್ಷಕ್ಕೆ 18ರ ಆಸುಪಾಸು ಗೋಲು ಹೊಡೆದರು. ಮೂರನೇ ಋತುವಿನಲ್ಲಿ ನೀಲ್ ಲೆನನ್ ಮಾರ್ಗದರ್ಶನದ ಹಿಬ್ಸ್ ಚಾಂಪಿಯನ್ ಆಗಿ ಬಡ್ತಿ ಪಡೆಯಿತು. ನಡುವೆ 2016ರ ಮೇ 21ರಂದು ರೇಂಜರ್ಸ್ ತಂಡವನ್ನು 3–2ರಿಂದ ಮಣಿಸಿ ಸ್ಕಾಟಿಷ್ ಕಪ್ ಗೆದ್ದಿದ್ದೂ ಆಯಿತು. 1902ರ ನಂತರ ಹಿಬ್ಸ್ ಆ ಕಪ್ ಮುಟ್ಟಿರಲೇ ಇಲ್ಲ. 114 ವರ್ಷದ ಬರ. ಆ ಫೈನಲ್‌ನಲ್ಲಿ ಕಮಿಂಗ್ಸ್ ಮೊದಲ ಹನ್ನೊಂದರಲ್ಲಿದ್ದರು. ಗೋಲುಗಳು ಮಾತ್ರ ಆಂಥನಿ ಸ್ಟೋಕ್ಸ್ (ಎರಡು) ಮತ್ತು ನಾಯಕ ಡೇವಿಡ್ ಗ್ರೇ ಅವರವು.

## ಹನ್ನೊಂದು ಮೀಟರ್ ದೂರದ ಲೆಕ್ಕ

ಕಮಿಂಗ್ಸ್ ಬಗ್ಗೆ ಬರೆಯುವಾಗ ಪೆನಾಲ್ಟಿಯನ್ನು ಬಿಟ್ಟು ಮುಂದೆ ಹೋಗಲಾಗದು. ಎಲ್ಲಿ ಹೋದರೂ ಅದು ಬೆನ್ನಿಗಿದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ಚೆಂಡನ್ನು ಗೋಲುಗೆರೆಯಿಂದ 11 ಮೀಟರ್ ದೂರದ ಗುರುತಿನ ಮೇಲೆ ಇಡಬೇಕು. ಗೋಲುಪೆಟ್ಟಿಗೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಒದೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ನ ಕನಿಷ್ಠ ಒಂದು ಪಾದದ ಭಾಗವಾದರೂ ಗೋಲುಗೆರೆಯ ಮೇಲೆ, ಅದರ ನೇರಕ್ಕೆ ಅಥವಾ ಹಿಂದೆ ಇರಬೇಕು. ಹೊಡೆಯುವವರು ಓಡಿಬರುವಾಗ ಹೆಜ್ಜೆ ತಡೆದು ಕೀಪರ್‌ನನ್ನು ಏಮಾರಿಸಬಹುದು. ಆದರೆ ಓಟ ಮುಗಿಸಿ ಚೆಂಡಿನ ಬಳಿ ನಿಂತ ಮೇಲೆ ಒದೆಯುವ ನಟನೆ ಮಾಡುವಂತಿಲ್ಲ. ಚೆಂಡು ಕಂಬಕ್ಕೆ ಬಡಿದು ನೇರವಾಗಿ ಹೊಡೆದವರ ಕಾಲಿಗೇ ಬಂದರೂ, ಬೇರೆ ಯಾರಾದರೂ ಮುಟ್ಟುವತನಕ ಅವರು ಮತ್ತೆ ಮುಟ್ಟಬಾರದು.

ಜೋರಾಗಿ ಹೊಡೆದ ಚೆಂಡು ಅರ್ಧ ಸೆಕೆಂಡಿನೊಳಗೆ ಗೆರೆ ತಲುಪಿಬಿಡುತ್ತದೆ. ಚೆಂಡು ಹೊರಟಿದ್ದನ್ನು ನೋಡಿದ ಮೇಲೆ ಹಾರಿದರೆ ಮೂಲೆಗೆ ಹೋದ ಚೆಂಡು ಕೀಪರ್ ಕೈಗೆ ಸಿಗುವುದಿಲ್ಲ. ಅದಕ್ಕೇ ಹೆಚ್ಚಿನ ಕೀಪರ್‌ಗಳು ಒದೆತಕ್ಕೆ ಕೊಂಚ ಮುಂಚೆಯೇ ಒಂದು ಬದಿ ಆರಿಸಿಕೊಳ್ಳುತ್ತಾರೆ. ಹೊಡೆಯುವವರು ನೆಲಕ್ಕೂರಿದ ಕಾಲು ಯಾವ ಕಡೆಗೆ ತಿರುಗಿದೆ, ಸೊಂಟ ಎತ್ತ ತೆರೆದುಕೊಂಡಿದೆ ಎಂಬುದೇ ಅವರಿಗೆ ಸಿಗುವ ಸುಳಿವು. ಒಟ್ಟಾರೆ ವೃತ್ತಿಪರ ಫುಟ್‌ಬಾಲ್‌ನಲ್ಲಿ ನಾಲ್ಕು ಪೆನಾಲ್ಟಿಗಳಲ್ಲಿ ಸುಮಾರು ಮೂರು ಗೋಲಾಗುತ್ತವೆ.

ಕೀಪರ್ ಮೊದಲೇ ಹಾರುತ್ತಾನೆ ಎನ್ನುವ ಈ ಅಭ್ಯಾಸವನ್ನೇ ಬಳಸಿಕೊಳ್ಳುವ ಒಂದು ಹೊಡೆತವಿದೆ. ಚೆಂಡಿನ ಅಡಿಗೆ ಕಾಲ್ಬೆರಳು ತೂರಿಸಿ, ಮೆಲ್ಲಗೆ ಎತ್ತಿ, ನಟ್ಟನಡುವೆ ತೇಲಿಬಿಡುವುದು. ಹೆಸರು 'ಪನೆಂಕ'. 1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಸೆಪ್ ಮೇಯರ್ ಎದುರು ಜೆಕೊಸ್ಲೊವಾಕಿಯಾದ ಆಂಟೊನಿನ್ ಪನೆಂಕ ಹೊಡೆದು ಕಪ್ ಗೆಲ್ಲಿಸಿದ ಹೊಡೆತವಿದು. ಕೀಪರ್ ಹಾರಿ ಬಿದ್ದಾಗಿರುತ್ತದೆ, ಚೆಂಡು ಆರಾಮವಾಗಿ ನಡುವೆ ಇಳಿಯುತ್ತದೆ.

ಕೈಕೊಡುವುದು ಎರಡು ರೀತಿಯಲ್ಲಿ. ಕೀಪರ್ ಹಾರದೆ ನಿಂತಲ್ಲೇ ನಿಂತರೆ ಚೆಂಡು ಅವನ ಕೈಗೇ ಬಂದು ಬೀಳುತ್ತದೆ. ಹೊಡೆದವರಿಗೆ ಅದಕ್ಕಿಂತ ಮುಜುಗರ ಬೇರೆ ಇಲ್ಲ. ಇಲ್ಲವೇ ಹೊಡೆಯುವಾಗ ಮೈ ಹಿಂದಕ್ಕೆ ವಾಲಿ, ಕಾಲು ಚೆಂಡಿನ ಕೆಳಗೆ ಬೇಕಾದ್ದಕ್ಕಿಂತ ಆಳಕ್ಕೆ ಹೋದರೆ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಗುತ್ತದೆ. ಕಮಿಂಗ್ಸ್‌ಗೆ ಆಗಿದ್ದು ಎರಡನೆಯದು. 2016ರ ಏಪ್ರಿಲ್‌ನಲ್ಲಿ ಹ್ಯಾಂಪ್‌ಡನ್ ಪಾರ್ಕ್‌ನಲ್ಲಿ ಡಂಡೀ ಯುನೈಟೆಡ್ ಎದುರು ಸ್ಕಾಟಿಷ್ ಕಪ್ ಸೆಮಿಫೈನಲ್ ಆಡುವಾಗ ಪನೆಂಕಕ್ಕೆ ಕೈಹಾಕಿದರು, ಚೆಂಡು ಪಟ್ಟಿಯ ಮೇಲೆ ಹೋಯಿತು. ಪಂದ್ಯ 0–0ಯಲ್ಲಿ ಮುಗಿದು ಶೂಟೌಟ್‌ಗೆ ಹೋಯಿತು. ಗೋಲ್‌ಕೀಪರ್ ಕಾನ್ರಾಡ್ ಲೋಗನ್ ಹೊಡೆತಗಳನ್ನು ತಡೆದರು. ಗೆಲುವಿನ ಒದೆತಕ್ಕೆ ಅದೇ ಕಮಿಂಗ್ಸ್ ಬಂದರು, ಈ ಸಲ ಗೋಲು. 114 ವರ್ಷದ ಬರ ನೀಗಿದ ಫೈನಲ್‌ಗೆ ಹಿಬ್ಸ್ ಹೋಗಿದ್ದು ಆ ಒದೆತದಿಂದ.

ತಪ್ಪಿಸಿದವರಿಗೇ ಮತ್ತೆ ಪೆನಾಲ್ಟಿ ಕೊಡುವುದೇಕೆಂದು ಟಿವಿ ಮುಂದೆ ಕೂತವರು ಸಿಡಿಮಿಡಿಗೊಳ್ಳುವುದುಂಟು. ಒಂದು ಒದೆತದಿಂದ ಯಾರ ಸಾಮರ್ಥ್ಯವನ್ನೂ ಅಳೆಯಲಾಗದು ಎಂಬುದು ಕೋಚ್‌ಗಳಿಗೆ ಗೊತ್ತು. ತರಬೇತಿಯಲ್ಲಿ ನೂರಾರು ಸಲ ಹೊಡೆದಿದ್ದನ್ನು ನೋಡಿಯೇ ಅವರು ಹೆಸರು ಬರೆದಿರುತ್ತಾರೆ.

## ಮಾರಾಟ: ಎಡಿನ್‌ಬರ್ಗ್‌ನಿಂದ ನಾಟಿಂಗ್‌ಹ್ಯಾಮ್‌ಗೆ

2017ರ ಬೇಸಿಗೆಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು ಕೊಂಡುಕೊಂಡಿತು. ಫಾರೆಸ್ಟ್ ಆಗ ಆಡುತ್ತಿದ್ದುದೂ 'ಚಾಂಪಿಯನ್‌ಷಿಪ್'ನಲ್ಲೇ, ಆದರೆ ಇಂಗ್ಲೆಂಡಿನದು. ಹೆಸರು ಒಂದೇ, ಆಟದ ಮಟ್ಟದಲ್ಲಿ ಅಜಗಜಾಂತರ. ಅಲ್ಲಿ 24 ತಂಡಗಳು, ಒಂದೊಂದಕ್ಕೂ 46 ಪಂದ್ಯ, ಪ್ರೀಮಿಯರ್ ಲೀಗ್‌ನಿಂದ ಇಳಿದುಬಂದ ಶ್ರೀಮಂತ ಕ್ಲಬ್‌ಗಳ ದಂಡು.

ಫುಟ್‌ಬಾಲ್‌ನಲ್ಲಿ ಐಪಿಎಲ್ ಥರ ಹರಾಜು ಇರುವುದಿಲ್ಲ. ಆಟಗಾರನೊಂದಿಗೆ ಒಪ್ಪಂದ ಇರುವ ಕ್ಲಬ್‌ಗೆ ಹೊಸ ಕ್ಲಬ್ ಹಣ ಕೊಟ್ಟು ಆ ಒಪ್ಪಂದವನ್ನು ಅವಧಿಗೆ ಮೊದಲೇ ಬಿಡಿಸಿಕೊಳ್ಳುತ್ತದೆ. ಇದೇ ಟ್ರಾನ್ಸ್‌ಫರ್ ಶುಲ್ಕ. ಆಟಗಾರ ತನ್ನ ಸಂಬಳವನ್ನು ಹೊಸ ಕ್ಲಬ್ ಜೊತೆ ಬೇರೆಯೇ ಮಾತಾಡಿಕೊಳ್ಳುತ್ತಾನೆ. ಅವನು ಒಪ್ಪದಿದ್ದರೆ ಕ್ಲಬ್‌ಗಳು ಕುದುರಿಸಿದ ವ್ಯವಹಾರ ಬಿದ್ದುಹೋಗುತ್ತದೆ. ಒಪ್ಪಂದ ಮುಗಿದವರಿಗೆ ಸಾಮಾನ್ಯವಾಗಿ ಶುಲ್ಕ ಇಲ್ಲ, ಅವರು 'ಫ್ರೀ ಏಜೆಂಟ್'. 1995ರಲ್ಲಿ ಬೆಲ್ಜಿಯಂ ಆಟಗಾರ ಜಾನ್ ಮಾರ್ಕ್ ಬಾಸ್ಮನ್ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ ಕೊಟ್ಟ ತೀರ್ಪು ಈ ಹಕ್ಕನ್ನು ಗಟ್ಟಿಮಾಡಿತು. ನೋಂದಣಿಗೆ ವರ್ಷದಲ್ಲಿ ಎರಡೇ ಕಿಟಕಿಗಳು. ಬ್ರಿಟನ್‌ನಲ್ಲಿ ದೊಡ್ಡದು ಬೇಸಿಗೆಯಲ್ಲಿ, ಚಿಕ್ಕದು ಜನವರಿಯಲ್ಲಿ. ಕಮಿಂಗ್ಸ್ ಅವರ ಜಾಗ ಬದಲಾವಣೆಗಳ ತಿಂಗಳುಗಳನ್ನು ನೋಡಿ: 2018ರ ಜನವರಿ, 2019ರ ಜನವರಿ, 2021ರ ಜನವರಿ. ಋತುವಿನ ನಡುವೆ ಆಟಗಾರ ಹೊರಟನೆಂದರೆ, ಆಗಸ್ಟ್‌ನಲ್ಲಿ ಅಂದುಕೊಂಡಂತೆ ಅಲ್ಲಿ ನಡೆದಿಲ್ಲ ಎಂದೇ ಹೆಚ್ಚಾಗಿ ಅರ್ಥ.

ಇನ್ನೊಂದು ವಿಚಾರ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸ್ಕಾಟ್ಲೆಂಡ್, ಇಂಗ್ಲೆಂಡ್ ಒಂದೇ ರಾಷ್ಟ್ರದ ಭಾಗಗಳಾದರೂ ಫಿಫಾ ಲೆಕ್ಕದಲ್ಲಿ ಬೇರೆ ಬೇರೆ ಸಂಸ್ಥೆಗಳು. ಹಾಗಾಗಿ ಎಡಿನ್‌ಬರ್ಗ್‌ನಿಂದ ನಾಟಿಂಗ್‌ಹ್ಯಾಮ್‌ಗೆ ಹೋಗುವುದೂ 'ಅಂತರರಾಷ್ಟ್ರೀಯ' ಟ್ರಾನ್ಸ್‌ಫರ್. ಹಳೆಯ ಸಂಸ್ಥೆಯಿಂದ ಹೊಸ ಸಂಸ್ಥೆಗೆ ವರ್ಗಾವಣೆ ಪ್ರಮಾಣಪತ್ರ ಬಾರದೆ ಆಟಗಾರ ಕಣಕ್ಕಿಳಿಯುವಂತಿಲ್ಲ. ಅಂಥ ಟ್ರಾನ್ಸ್‌ಫರ್ ಶುಲ್ಕದಲ್ಲಿ ಶೇ 5ರಷ್ಟು, ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶುಲ್ಕದ ಶೇ 0.25, ಆಮೇಲಿನ ಪ್ರತಿ ವರ್ಷಕ್ಕೆ ಶೇ 0.5. ಉದಾಹರಣೆಗೆ ಶುಲ್ಕ 10 ಲಕ್ಷ ಪೌಂಡ್ ಎಂದಿಟ್ಟುಕೊಳ್ಳಿ. ಹುಡುಗನನ್ನು 12ರಿಂದ 15ರವರೆಗೆ ನಾಲ್ಕು ವರ್ಷ ಆಡಿಸಿದ ಚಿಕ್ಕ ಕ್ಲಬ್‌ಗೆ 10,000 ಪೌಂಡ್ ಬರುತ್ತದೆ. ಬಡಾವಣೆಯ ಕ್ಲಬ್‌ಗೆ ಅದು ಸಣ್ಣ ಮೊತ್ತವಲ್ಲ.

## ಲೋನ್ ಎಂದರೆ ಎರವಲು ಸೇವೆ

ಫಾರೆಸ್ಟ್‌ನಲ್ಲಿ ಕಮಿಂಗ್ಸ್ ಆಟ ಕುದುರಲಿಲ್ಲ. ಅವರನ್ನು ಕರೆತಂದಿದ್ದ ಮ್ಯಾನೇಜರ್ ಮಾರ್ಕ್ ವಾರ್ಬರ್ಟನ್ ಅವರನ್ನು 2017ರ ಡಿಸೆಂಬರ್ ಕೊನೆಯ ದಿನ ಕ್ಲಬ್ ಕೆಲಸದಿಂದ ತೆಗೆಯಿತು. ಹೊಸಬರಾಗಿ ಐತೊರ್ ಕರಂಕ ಬಂದರು. ಜನವರಿಯಲ್ಲೇ ಕಮಿಂಗ್ಸ್ ಲೋನ್ ಮೇಲೆ ಗ್ಲಾಸ್ಗೊದ ರೇಂಜರ್ಸ್‌ಗೆ ಹೊರಟರು. ಹಿಬ್ಸ್‌ನ ಹುಡುಗ ರೇಂಜರ್ಸ್ ಅಂಗಿ ತೊಡುವುದು ಈಸ್ಟರ್ ರೋಡ್‌ನಲ್ಲಿ ಅಷ್ಟು ಸುಲಭಕ್ಕೆ ಅರಗುವ ಸಂಗತಿಯಲ್ಲ, ಅದಿರಲಿ.

ಸರ್ಕಾರಿ ನೌಕರರನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ ಎರವಲು ಸೇವೆಯ ಮೇಲೆ ಕಳಿಸುತ್ತಾರಲ್ಲ, ಲೋನ್ ಹೆಚ್ಚುಕಡಿಮೆ ಅದೇ. ಮಾತೃ ಇಲಾಖೆಯಲ್ಲಿ ಹುದ್ದೆ ಹಾಗೇ ಇರುತ್ತದೆ, ಕೆಲಸ ಮಾತ್ರ ಬೇರೆ ಕಡೆ. ಆಟಗಾರನ ಮೂಲ ಒಪ್ಪಂದ ಮೊದಲ ಕ್ಲಬ್ ಜೊತೆಗೇ ಉಳಿಯುತ್ತದೆ. ಎರವಲು ಪಡೆದ ಕ್ಲಬ್ ಸಂಬಳದ ಪೂರ್ತಿಯನ್ನೋ ಒಂದು ಪಾಲನ್ನೋ ಹೊರುತ್ತದೆ. ಕೆಲವೊಮ್ಮೆ ಮೇಲೆ ಲೋನ್ ಶುಲ್ಕವೂ ಇರುತ್ತದೆ. ಕರಾರಿನಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಅವಧಿ ಮುಗಿದ ಮೇಲೆ ಕೊಳ್ಳುವ ಆಯ್ಕೆ ಇದೆಯೇ, ಕೊಳ್ಳಲೇಬೇಕೆಂಬ ಕಟ್ಟುಪಾಡಿದೆಯೇ, ಮೂಲ ಕ್ಲಬ್ ನಡುವೆ ವಾಪಸ್ ಕರೆಸಿಕೊಳ್ಳಬಹುದೇ? ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಲೋನ್ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡುವಂತಿಲ್ಲ.

ರೇಂಜರ್ಸ್‌ನಲ್ಲಿದ್ದ ಅರ್ಧ ಋತುವಿನಲ್ಲಿ ಸ್ಕಾಟಿಷ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಫಾಲ್ಕರ್ಕ್ ಎದುರು ಕಮಿಂಗ್ಸ್ ಹ್ಯಾಟ್ರಿಕ್ ಹೊಡೆದರು. ಆದರೂ ಅಲ್ಲಿ ಕಾಯಂ ಆಗಲಿಲ್ಲ. 2018–19ರಲ್ಲಿ ಮತ್ತೆ ಲೋನ್: ಮೊದಲು ಪೀಟರ್‌ಬರೊ ಯುನೈಟೆಡ್, ಜನವರಿಯಿಂದ ಲೂಟನ್ ಟೌನ್. ಎರಡೂ ಇಂಗ್ಲೆಂಡಿನ ಮೂರನೇ ದರ್ಜೆಯಾದ ಲೀಗ್ ಒನ್ ತಂಡಗಳು. ಆ ವರ್ಷ ಲೂಟನ್ ಚಾಂಪಿಯನ್ ಆಯಿತು.

ಒಂದೇ ಋತುವಿನಲ್ಲಿ ಎಷ್ಟು ಸಲ ಬೇಕಾದರೂ ಹೀಗೆ ಹಾರಬಹುದೇ? ಇಲ್ಲ. ಫಿಫಾ ನಿಯಮದಂತೆ ಒಂದು ಋತುವಿನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ಗಳಲ್ಲಿ ನೋಂದಣಿ, ಅಧಿಕೃತ ಪಂದ್ಯ ಆಡುವುದು ಎರಡಕ್ಕೆ ಮಾತ್ರ. ಮೂಲ ಕ್ಲಬ್ ಪರ ಋತುವಿನ ಆರಂಭದಲ್ಲಿ ಹತ್ತೇ ನಿಮಿಷ ಕಣಕ್ಕಿಳಿದರೂ ಒಂದು ಲೆಕ್ಕ ತುಂಬಿತು. ಆಗಸ್ಟ್‌ನಲ್ಲಿ ಲೋನ್ ಮಾತುಕತೆ ನಡೆಯುತ್ತಿರುವ ಆಟಗಾರರನ್ನು ಕ್ಲಬ್‌ಗಳು ಪಂದ್ಯದ ಪಟ್ಟಿಯಿಂದಲೇ ಹೊರಗಿಡಲು ಒಂದು ಕಾರಣ ಇದು. 2022ರ ಜುಲೈನಿಂದ ಫಿಫಾ ಇನ್ನಷ್ಟು ಬಿಗಿ ಮಾಡಿದೆ. ಲೋನ್ ಅವಧಿ ಒಂದು ವರ್ಷ ಮೀರುವಂತಿಲ್ಲ, ಲೋನ್ ಪಡೆದ ಕ್ಲಬ್ ಅದೇ ಆಟಗಾರನನ್ನು ಮೂರನೆಯವರಿಗೆ ಲೋನ್ ಕೊಡುವಂತಿಲ್ಲ.

ಮೇಲಿಂದ ಮೇಲೆ ಲೋನ್ ಸ್ಟ್ರೈಕರ್‌ಗೆ ಒಗ್ಗುವುದು ಕಡಿಮೆ. ಯಾವ ವಿಂಗರ್ ಚೆಂಡನ್ನು ಬೇಗ ಒಳಕ್ಕೆ ಕಳಿಸುತ್ತಾನೆ, ಯಾರು ಒಂದು ಹೆಜ್ಜೆ ಹೆಚ್ಚು ಓಡಿ ಕಳಿಸುತ್ತಾನೆ ಎಂಬುದು ಕೂಡಿ ಆಡಿದಾಗಲೇ ತಿಳಿಯುವುದು. ಅದು ತಿಳಿಯುವ ಹೊತ್ತಿಗೆ ಪೆಟ್ಟಿಗೆ ಕಟ್ಟಬೇಕು.

## ಹದಿನೈದು ನಿಮಿಷದಲ್ಲಿ ಸಿಕ್ಕ ಹೆಸರು

2019ರ ಬೇಸಿಗೆಯಲ್ಲಿ ಕಮಿಂಗ್ಸ್ ಶ್ರೂಸ್‌ಬರಿ ಟೌನ್ ಸೇರಿದರು. ಅದೂ ಲೀಗ್ ಒನ್. 2020ರ ಜನವರಿ 26ರಂದು ಇಂಗ್ಲೆಂಡಿನ ಬೇರೆ ಬೇರೆ ದರ್ಜೆಯ ಕ್ಲಬ್‌ಗಳು ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ನಾಲ್ಕನೇ ಸುತ್ತಿನಲ್ಲಿ ಲಿವರ್‌ಪೂಲ್ ತಂಡ ಶ್ರೂಸ್‌ಬರಿ ಅಂಗಳಕ್ಕೆ ಬಂತು. ಆಗ ಲಿವರ್‌ಪೂಲ್ ಯುರೋಪಿನ ಚಾಂಪಿಯನ್. ಶ್ರೂಸ್‌ಬರಿ 0–2ರಿಂದ ಹಿಂದಿದ್ದಾಗ ಬದಲಿ ಆಟಗಾರನಾಗಿ ಬಂದ ಕಮಿಂಗ್ಸ್, 65ನೇ ನಿಮಿಷದಲ್ಲಿ ಪೆನಾಲ್ಟಿ, 75ನೇ ನಿಮಿಷದಲ್ಲಿ ಇನ್ನೊಂದು ಗೋಲು ಹೊಡೆದು 2–2 ಮಾಡಿದರು. ಆಗಿನ ನಿಯಮದಂತೆ ಪಂದ್ಯ ಲಿವರ್‌ಪೂಲ್ ಅಂಗಳವಾದ ಆನ್‌ಫೀಲ್ಡ್‌ನಲ್ಲಿ ಮರುಪಂದ್ಯಕ್ಕೆ ಹೋಯಿತು. ಲಿವರ್‌ಪೂಲ್‌ನ ಎಳೆಯರ ತಂಡ 1–0ಯಿಂದ ಗೆದ್ದಿತು. ಕೆಳ ದರ್ಜೆಯ ಕ್ಲಬ್‌ಗೆ ಅಂಥ ಮರುಪಂದ್ಯದಿಂದ ಟಿಕೆಟ್ ಹಣದ ಪಾಲು, ಟಿವಿ ಹಣ ಎರಡೂ ಬರುತ್ತಿದ್ದವು. ವರ್ಷದ ಬಜೆಟ್‌ಗೇ ಆಸರೆ. 2024–25ರಿಂದ ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವನ್ನೇ ತೆಗೆದುಹಾಕಿದ್ದಾರೆ.

2021ರ ಜನವರಿಯಲ್ಲಿ ಕಮಿಂಗ್ಸ್ ಸ್ಕಾಟ್ಲೆಂಡಿನ ಡಂಡೀ ಕ್ಲಬ್‌ಗೆ ಬಂದರು. ಆ ಮೇ ತಿಂಗಳಲ್ಲಿ ಡಂಡೀ, ಕಿಲ್ಮಾರ್ನಾಕ್ ತಂಡವನ್ನು ಪ್ಲೇ ಆಫ್‌ನಲ್ಲಿ ಸೋಲಿಸಿ ಮೇಲಿನ ದರ್ಜೆಗೇರಿತು. 2014ರಲ್ಲಿ ಕೆಳಗಿಳಿದ ಅದೇ ಬಾಗಿಲಿನಿಂದ ಈ ಸಲ ಮೇಲೆ. ಒಂದು ವರ್ಷ ತುಂಬುವ ಹೊತ್ತಿಗೆ ಡಂಡೀ ನಂಟೂ ಮುಗಿದಿತ್ತು.

## ಎರಡು ದೇಶಗಳಿಗೆ ಆಡಲು ಬಿಟ್ಟವರು ಯಾರು?

2017ರ ನವೆಂಬರ್ 9ರಂದು ಅಬರ್ಡೀನ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಕಮಿಂಗ್ಸ್ ಮೊದಲ ಬಾರಿ ಸ್ಕಾಟ್ಲೆಂಡ್ ಹಿರಿಯರ ತಂಡಕ್ಕೆ ಆಡಿದರು. ಅವರು ಸ್ಕಾಟ್ಲೆಂಡ್ ಪರ ಆಡಿದ್ದು ಎರಡೇ ಪಂದ್ಯ, ಎರಡೂ ಸ್ನೇಹಪರ ಪಂದ್ಯಗಳು. ಈ 'ಸ್ನೇಹಪರ' ಎನ್ನುವುದೇ ಮುಂದೆ ಕೆಲಸಕ್ಕೆ ಬಂತು.

ದೇಶವೊಂದಕ್ಕೆ ಆಡಲು ಎರಡು ಬೇಕು: ಆ ದೇಶದ ರಾಷ್ಟ್ರೀಯತೆ ಮತ್ತು ಆ ನೆಲದೊಂದಿಗೆ ನಂಟು. ತಾನು ಅಲ್ಲಿ ಹುಟ್ಟಿರಬೇಕು, ಇಲ್ಲವೇ ತಂದೆ, ತಾಯಿ, ಅಜ್ಜ, ಅಜ್ಜಿಯರಲ್ಲಿ ಒಬ್ಬರಾದರೂ ಹುಟ್ಟಿರಬೇಕು, ಅದೂ ಅಲ್ಲವಾದರೆ ನಿಗದಿತ ವರ್ಷ ಅಲ್ಲಿ ವಾಸವಿರಬೇಕು. ಕಮಿಂಗ್ಸ್ ಅವರ ತಾಯಿ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿಗೆ ಅರ್ಹತೆ ಸಿಕ್ಕಿತು. ಉಳಿದ ಪ್ರಶ್ನೆ, ಒಮ್ಮೆ ಸ್ಕಾಟ್ಲೆಂಡ್‌ಗೆ ಆಡಿದವರು ಬದಲಾಯಿಸಬಹುದೇ?

ಫಿಫಾ ಪಂದ್ಯಗಳನ್ನು ಎರಡಾಗಿ ನೋಡುತ್ತದೆ. ವಿಶ್ವಕಪ್, ಖಂಡಮಟ್ಟದ ಟೂರ್ನಿ ಮತ್ತು ಅವುಗಳ ಅರ್ಹತಾ ಪಂದ್ಯಗಳು 'ಅಧಿಕೃತ ಸ್ಪರ್ಧೆ'. ಸ್ನೇಹಪರ ಪಂದ್ಯಗಳು ಅದರಲ್ಲಿ ಬರುವುದಿಲ್ಲ. ಹಿರಿಯರ ಮಟ್ಟದಲ್ಲಿ ಬರೀ ಸ್ನೇಹಪರ ಪಂದ್ಯ ಆಡಿದವರು, ಉಳಿದ ಷರತ್ತುಗಳು ಸರಿಯಿದ್ದರೆ, ಜೀವಮಾನದಲ್ಲಿ ಒಂದು ಸಲ ಬದಲಾಯಿಸಬಹುದು. 2020ರಲ್ಲಿ ಫಿಫಾ ಇನ್ನೂ ಸಡಿಲಿಸಿತು. ಆಡಿದ ಹಿರಿಯರ ಪಂದ್ಯಗಳು ಮೂರನ್ನು ಮೀರದೆ, ಅವೆಲ್ಲವೂ 21 ವರ್ಷ ತುಂಬುವ ಮೊದಲಿನವಾಗಿದ್ದರೆ, ಕೊನೆಯ ಪಂದ್ಯ ಆಡಿ ಮೂರು ವರ್ಷ ಕಳೆದಿದ್ದರೆ, ವಿಶ್ವಕಪ್ ಅಥವಾ ಖಂಡಮಟ್ಟದ ಟೂರ್ನಿಯ ಪ್ರಧಾನ ಹಂತದಲ್ಲಿ ಕಣಕ್ಕಿಳಿದಿಲ್ಲದಿದ್ದರೆ, ಅಧಿಕೃತ ಪಂದ್ಯ ಆಡಿದವರಿಗೂ ಅವಕಾಶವಿದೆ. ಅರ್ಜಿಯನ್ನು ಫಿಫಾಗೆ ಸಲ್ಲಿಸುವುದು ಹೊಸ ದೇಶದ ಫುಟ್‌ಬಾಲ್ ಸಂಸ್ಥೆ. ಒಪ್ಪಿಗೆ ಬರುವತನಕ ಆಟಗಾರ ಕಾಯಬೇಕು.

2022ರ ಸೆಪ್ಟೆಂಬರ್ 25ರಂದು ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಕಮಿಂಗ್ಸ್ ಆಸ್ಟ್ರೇಲಿಯಾ ಪರ ಮೊದಲ ಪಂದ್ಯ ಆಡಿ ಗೋಲು ಹೊಡೆದರು. ಅದೂ ಪೆನಾಲ್ಟಿಯೇ. ಎರಡು ತಿಂಗಳೊಳಗೆ ಕತಾರ್ ವಿಶ್ವಕಪ್‌ನಲ್ಲಿ ಫ್ರಾನ್ಸ್ ಎದುರು ಬದಲಿ ಆಟಗಾರನಾಗಿ ಕಣದಲ್ಲಿದ್ದರು.

ಐಎಸ್‌ಎಲ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಮೆಕ್‌ಲಾರೆನ್ ಅವರದು ಇದಕ್ಕೆ ತದ್ವಿರುದ್ಧ. ಹುಟ್ಟಿದ್ದು ಮೆಲ್ಬರ್ನ್‌ನಲ್ಲಿ, ತಂದೆ ಸ್ಕಾಟ್ಲೆಂಡಿನವರು. 19 ವರ್ಷದೊಳಗಿನವರ ಸ್ಕಾಟ್ಲೆಂಡ್ ತಂಡಕ್ಕೆ ಆಡಿ ಆಮೇಲೆ ಆಸ್ಟ್ರೇಲಿಯಾಕ್ಕೆ ಮರಳಿದರು. 2018ರಲ್ಲಿ ಲೋನ್ ಮೇಲೆ ಹಿಬ್ಸ್‌ಗೂ ಆಡಿದ್ದಾರೆ.

ಬೆಂಗಳೂರಿಗೂ ಈ ನಿಯಮ ದೂರದ್ದಲ್ಲ. ಬಿಎಫ್‌ಸಿಯ ರಯಾನ್ ವಿಲಿಯಮ್ಸ್ 2019ರಲ್ಲಿ ಆಸ್ಟ್ರೇಲಿಯಾ ಪರ ಒಂದು ಸ್ನೇಹಪರ ಪಂದ್ಯ ಆಡಿದ್ದರು. ತಾಯಿಯ ಕಡೆಯಿಂದ ಭಾರತದ ನಂಟಿದ್ದ ಅವರು 2025ರಲ್ಲಿ ಭಾರತದ ಪೌರತ್ವ ಪಡೆದರು. ಕಮಿಂಗ್ಸ್‌ಗಿಂತ ಅವರ ದಾರಿ ಕಷ್ಟದ್ದು. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ, ಆದ್ದರಿಂದ ಹಳೆಯ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ರಾಷ್ಟ್ರೀಯ ತಂಡಕ್ಕೆ ಆಡಲಾಗದು.

## ಪಾಸ್‌ಪೋರ್ಟ್‌ಗೂ ಬೆಲೆಯಿದೆ

2022ರ ಆರಂಭದಲ್ಲಿ ಕಮಿಂಗ್ಸ್ ಸೇರಿದ್ದು ಆಸ್ಟ್ರೇಲಿಯಾದ ಎ–ಲೀಗ್ ತಂಡ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್. ಸಿಡ್ನಿಯ ಉತ್ತರಕ್ಕಿರುವ ಗೋಸ್‌ಫರ್ಡ್ ಪಟ್ಟಣದ ಸಣ್ಣ ಕ್ಲಬ್ ಅದು. ಎ–ಲೀಗ್‌ನಲ್ಲಿ ಒಂದು ತಂಡ ಹೆಚ್ಚೆಂದರೆ ಐದು 'ವೀಸಾ ಆಟಗಾರ'ರನ್ನು ಇಟ್ಟುಕೊಳ್ಳಬಹುದು. ಆಸ್ಟ್ರೇಲಿಯಾದ ಪೌರತ್ವ ಇದ್ದವರು ಎಲ್ಲೇ ಹುಟ್ಟಿ ಬೆಳೆದಿದ್ದರೂ ಆ ಐದರಲ್ಲಿ ಸೇರುವುದಿಲ್ಲ. ಬ್ರಿಟನ್‌ನಲ್ಲಿ ತಯಾರಾದ ಸ್ಟ್ರೈಕರ್ ಸ್ಥಳೀಯರ ಲೆಕ್ಕದಲ್ಲೇ ಸಿಗುವುದಾದರೆ ಸಣ್ಣ ಬಜೆಟ್‌ನ ಕ್ಲಬ್‌ಗೆ ಇನ್ನೇನು ಬೇಕು.

2023ರ ಜೂನ್ 3ರಂದು ಎ–ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಮ್ಯಾರಿನರ್ಸ್ 6–1ರಿಂದ ಮೆಲ್ಬರ್ನ್ ಸಿಟಿ ತಂಡವನ್ನು ಚಿಂದಿ ಮಾಡಿತು. ಕಮಿಂಗ್ಸ್ ಹ್ಯಾಟ್ರಿಕ್ ಹೊಡೆದರು. ಎದುರಾಳಿ ತಂಡದ ಸ್ಟ್ರೈಕರ್ ಬೇರಾರೂ ಅಲ್ಲ, ಮೆಕ್‌ಲಾರೆನ್. ಅದೇ ಬೇಸಿಗೆಯಲ್ಲಿ ಕಮಿಂಗ್ಸ್ ಮೋಹನ್ ಬಾಗನ್ ಸೇರಿದರು. ಮೆಕ್‌ಲಾರೆನ್ ಒಂದು ವರ್ಷದ ಬಳಿಕ ಬಂದರು.

ಭಾರತದಲ್ಲೂ ಪಾಸ್‌ಪೋರ್ಟ್ ಲೆಕ್ಕಕ್ಕೆ ಬಂತು. ಐಎಸ್‌ಎಲ್ ತಂಡಕ್ಕೆ ಆರು ವಿದೇಶಿಯರ ನೋಂದಣಿಗೆ ಅವಕಾಶ. ಕಣದಲ್ಲಿ ಒಮ್ಮೆಗೆ ನಾಲ್ವರು. 2021–22ರಿಂದ ಕೆಲವು ಋತುಗಳಲ್ಲಿ ಆ ವಿದೇಶಿಯರಲ್ಲಿ ಒಬ್ಬರಾದರೂ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ದೇಶದವರಿರಬೇಕು ಎಂಬ ಕಡ್ಡಾಯ ಇತ್ತು. ಆಸ್ಟ್ರೇಲಿಯಾ 2006ರಿಂದ ಏಷ್ಯನ್ ಒಕ್ಕೂಟದಲ್ಲಿದೆ. ಐಎಸ್‌ಎಲ್‌ನಲ್ಲಿ ಆಸ್ಟ್ರೇಲಿಯನ್ನರ ಸಾಲು ಬೆಳೆದದ್ದಕ್ಕೆ ಆಟದ ಜೊತೆಗೆ ಈ ನಿಯಮವೂ ಕಾರಣ.

2024–25ರ ಮೋಹನ್ ಬಾಗನ್ ತಂಡದ ಆರು ವಿದೇಶಿಯರು ಇವರು: ಡಿಫೆಂಡರ್‌ಗಳಾದ ಟಾಮ್ ಆಲ್ಡ್ರೆಡ್, ಆಲ್ಬರ್ಟೊ ರೊಡ್ರಿಗಸ್, ಮುಂದೆ ಆಡುವ ಗ್ರೆಗ್ ಸ್ಟೀವರ್ಟ್, ದಿಮಿತ್ರಿ ಪೆಟ್ರಾಟೊಸ್, ಕಮಿಂಗ್ಸ್, ಮೆಕ್‌ಲಾರೆನ್. ಸ್ಟೀವರ್ಟ್ ಕೂಡ ಸ್ಕಾಟ್ಲೆಂಡಿನವರೇ, ಹಿಂದೆ ಜಮ್‌ಷೆಡ್‌ಪುರ, ಮುಂಬೈ ಸಿಟಿ ತಂಡಗಳಲ್ಲಿ ಲೀಗ್ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ ಸಿಗುವ ಪ್ರಶಸ್ತಿ) ಗೆದ್ದವರು. ಆಗಿನ ಕೋಚ್ ಹೊಸೆ ಮೊಲಿನಾ ಇಬ್ಬರು ವಿದೇಶಿ ಡಿಫೆಂಡರ್‌ಗಳನ್ನು ಆಡಿಸಿದರೆ ಮುಂದಿನ ನಾಲ್ವರಲ್ಲಿ ಇಬ್ಬರಿಗೆ ಬೆಂಚೇ ಗತಿ. ನಾಲ್ವರು ವಿದೇಶಿಯರು ಕಣದಲ್ಲಿರುವಾಗ ಐದನೆಯವರು ಬರಬೇಕಾದರೆ ಒಬ್ಬ ವಿದೇಶಿ ಹೊರಬರಲೇಬೇಕು. ಚೆನ್ನಾಗಿ ಆಡುತ್ತಿದ್ದ ಸ್ಟ್ರೈಕರ್‌ನನ್ನು ಕೋಚ್ ಯಾಕೆ ಹೊರಗೆ ಕರೆದರು ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಈ ಕೂಡು–ಕಳೆಯಲ್ಲೇ ಇರುತ್ತದೆ.

## ಸ್ಟ್ರೈಕರ್‌ನ ಅಂಕಿಅಂಶ ಓದುವುದು ಹೇಗೆ?

ಬೆಂಚಿನಿಂದ ಬಂದು ಹೋಗುವ ಆಟಗಾರನ ಪಂದ್ಯಗಳ ಸಂಖ್ಯೆ ನೋಡಿ ಗೋಲು ಎಣಿಸಿದರೆ ಲೆಕ್ಕ ತಪ್ಪುತ್ತದೆ. 15 ನಿಮಿಷ ಆಡಿದ್ದೂ ಒಂದು ಪಂದ್ಯ, 90 ನಿಮಿಷ ಆಡಿದ್ದೂ ಒಂದು ಪಂದ್ಯ. ನೋಡಬೇಕಾದ್ದು 90 ನಿಮಿಷಕ್ಕೆ ಎಷ್ಟು ಗೋಲು ಎಂಬುದನ್ನು. ಗೋಲುಗಳನ್ನು 90ರಿಂದ ಗುಣಿಸಿ, ಆಡಿದ ಒಟ್ಟು ನಿಮಿಷಗಳಿಂದ ಭಾಗಿಸಿದರೆ ಸಾಕು. 30 ಪಂದ್ಯದಲ್ಲಿ 10 ಗೋಲು ಅಂದರೆ ಸಾಧಾರಣ ಎನಿಸಬಹುದು. ಅದೇ 10 ಗೋಲು 1,200 ನಿಮಿಷದಲ್ಲಿ ಬಂದಿದ್ದರೆ 90 ನಿಮಿಷಕ್ಕೆ 0.75. ಎಲ್ಲ ಲೀಗ್‌ಗಳಲ್ಲೂ ಇದು ಮೇಲ್ಮಟ್ಟದ ಸಂಖ್ಯೆ.

ಎರಡನೆಯದಾಗಿ, ಪೆನಾಲ್ಟಿ ಗೋಲುಗಳನ್ನು ಬೇರೆ ಇಟ್ಟು ನೋಡಬೇಕು. ಅವಕ್ಕೆ ಬೆಲೆ ಇಲ್ಲ ಅಂತಲ್ಲ. ತಂಡಕ್ಕೆ ಎಷ್ಟು ಪೆನಾಲ್ಟಿ ಸಿಗುತ್ತದೆ ಎನ್ನುವುದು ಹೊಡೆಯುವವರ ಕೈಯಲ್ಲಿಲ್ಲ. ಒಂದು ವರ್ಷ ಎಂಟು, ಮರುವರ್ಷ ಎರಡು ಸಿಗಬಹುದು. ಕಮಿಂಗ್ಸ್ ಅವರಂತೆ ಫ್ರೀಕಿಕ್ ಹೊಡೆಯುವವರ ವಿಚಾರದಲ್ಲಿ ಮೂರನೇ ಸಾಲೊಂದನ್ನು ಹಾಕಿಕೊಳ್ಳುವುದು ಒಳ್ಳೆಯದು. 2025ರ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಜಮ್‌ಷೆಡ್‌ಪುರ ವಿರುದ್ಧ ಅವರ ಗೋಲು ಬಂದಿದ್ದು ಫ್ರೀಕಿಕ್‌ನಿಂದ, ಎರಡನೇ ಪಂದ್ಯದಲ್ಲಿ ಪೆನಾಲ್ಟಿಯಿಂದ. ಓಡಾಡುತ್ತಲೇ ಹೊಡೆದ ಗೋಲುಗಳನ್ನು ಇವುಗಳ ಜೊತೆ ಬೆರೆಸಿದರೆ, ಮುಂದಿನ ವರ್ಷ ಅವರಿಂದ ಏನು ನಿರೀಕ್ಷಿಸಬಹುದೆಂಬ ಅಂದಾಜು ಸಿಗುವುದಿಲ್ಲ.

ಕೊನೆಯದು ಲೀಗ್‌ನ ಮಟ್ಟ. ಸ್ಕಾಟ್ಲೆಂಡಿನ ಎರಡನೇ ದರ್ಜೆಯಲ್ಲಿ 18 ಗೋಲು ಹೊಡೆದ ಆಟಗಾರ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲೂ ಅಷ್ಟೇ ಹೊಡೆಯುತ್ತಾನೆಂದು ಯಾರೂ ಬರೆದುಕೊಡಲಾರರು. ಹಾಗಂತ ಒಂದು ಲೀಗ್‌ನ ಗೋಲನ್ನು ಇನ್ನೊಂದಕ್ಕೆ ಪರಿವರ್ತಿಸುವ ಒಪ್ಪಿತ ಸೂತ್ರವೂ ಇಲ್ಲ. ಕ್ಲಬ್‌ಗಳು ತಮ್ಮತಮ್ಮ ಲೆಕ್ಕ ಇಟ್ಟುಕೊಂಡಿರುತ್ತವೆ, ಹೊರಗೆ ಹೇಳುವುದಿಲ್ಲ. ಹೊರಗಿನವರು ಮಾಡಬಹುದಾದ್ದು ಇಷ್ಟು: ಅದೇ ಎರಡು ಲೀಗ್‌ಗಳ ನಡುವೆ ಹಿಂದೆ ಜಾಗ ಬದಲಿಸಿದ ಸ್ಟ್ರೈಕರ್‌ಗಳ ಮೊದಲ ಋತುವಿನ ಅಂಕಿಗಳನ್ನು ತೆಗೆದು ಪಕ್ಕಪಕ್ಕ ಇಟ್ಟು ನೋಡುವುದು.